ಪರದೆಗೆ ತಟ್ಟುವುದು ಹೇಗೆ?

ದಿನದ ಮೊದಲ ಮಾಲೀಶು ಬಾಗಿಲಿಗೆ. ಬೀದಿ ದೀಪಗಳು ಇನ್ನೂ ಆರಿಲ್ಲ. ಎದುರಿನ ಬೇಕರಿಯವರು ಷಟರ್ ಅರ್ಧ ಎತ್ತಿ ಹಿಟ್ಟಿನ ಮೂಟೆ ಒಳಗೆಳೆಯುತ್ತಿದ್ದಾರೆ. ಈಚೆ ಬದಿಯ ಕಟ್ಟಡದ ಮೊದಲ ಮಹಡಿಯಲ್ಲಿ, ಮಾಲೀಶು ಕೇಂದ್ರದ ಹೆಂಗಸರ ವಿಭಾಗದಲ್ಲಿ, ಟಕ್‌ಟಕ್ ಅಕ್ಕ ಕುಕ್ಕರಗಾಲಲ್ಲಿ ಕೂತು ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಎಣ್ಣೆಯಲ್ಲಿ ಅದ್ದಿ ಬಾಗಿಲ ಕೀಲುಗಳಿಗೆ ಹಚ್ಚುತ್ತಿದ್ದಾರೆ. ಹಚ್ಚಿ, ಬಾಗಿಲನ್ನು ಒಮ್ಮೆ ತೆರೆದು, ಒಮ್ಮೆ ಮುಚ್ಚಿ, ಕಿವಿಗೊಡುತ್ತಾರೆ. ಕಿರ್ ಎಂದರೆ ಇನ್ನೊಂದು ತೊಟ್ಟು.

"ಮನುಷ್ಯರಿಗೂ ಕೀಲು, ಬಾಗಿಲಿಗೂ ಕೀಲು," ಎನ್ನುತ್ತಾರೆ ಅಕ್ಕ, ಎದ್ದು ನಿಂತು ತಮ್ಮದೇ ಮೊಣಕಾಲನ್ನು ಒಮ್ಮೆ ಉಜ್ಜಿಕೊಂಡು. "ಇದು ಕಿರುಗುಟ್ಟಿದ್ರೆ ಒಳಗೆ ಮಲಗಿರೋರ ಮೈ ಬಿಗಿದುಕೊಳ್ಳತ್ತೆ. ಆಮೇಲೆ ನಾನು ಎಷ್ಟೇ ತಿಕ್ಕಿದ್ರೂ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ."

ವಯಸ್ಸು ಐವತ್ತು ದಾಟಿದೆ. ಎಣ್ಣೆ ಎಲ್ಲರಿಗಿಂತ ಮೊದಲು ಇಳಿಯುವುದು ಇವರ ಕೈಗೇ ಆದ್ದರಿಂದ ಅಂಗೈ ಮೆತ್ತಗಿದೆ, ಹೆಬ್ಬೆರಳ ಬುಡ ಮಾತ್ರ ಕಲ್ಲು. ಅಡ್ಡಹೆಸರು ಜೊತೆ ಕೆಲಸದವರು ಇಟ್ಟದ್ದು. ಬಾಗಿಲು ತಟ್ಟದೆ ಈ ಹೆಂಗಸು ಖಾಲಿ ಕೋಣೆಯೊಳಕ್ಕೂ ಕಾಲಿಡುವುದಿಲ್ಲ ಎಂದು ಅವರ ತಮಾಷೆ. ಬೇಗಬೇಗ ಕರೆಯುವವರ ಬಾಯಲ್ಲಿ ಅದು "ಟಕ್ಕಕ್ಕ" ಎಂದಾಗಿಬಿಟ್ಟರೆ ಮಾತ್ರ ಅಕ್ಕನಿಗೆ ಸಿಟ್ಟು. "ಮೋಸ ಮಾಡೋ ಟಕ್ಕರು ಬೇರೆ, ಬಾಗಿಲು ತಟ್ಟೋರು ಬೇರೆ. ಬಿಡಿಸಿ ಹೇಳ್ರಪ್ಪ!" ಎಂದು ಜೋರು ಮಾಡುತ್ತಾರೆ.

ಮೊದಲ ಗಿರಾಕಿ ಎದುರಿನ ಬೇಕರಿಯಿಂದಲೇ ಬರುತ್ತಾಳೆ. ರಾತ್ರಿ ಪಾಳಿಯಲ್ಲಿ ಹಿಟ್ಟು ನಾದಿ ನಾದಿ ಭುಜ ಹಿಡಿದುಹೋದ ಹೆಂಗಸು. ಇಲ್ಲಿಗೆ ಬರುವುದು ಇದೇ ಮೊದಲು. ಬ್ಯಾಗನ್ನು ಎದೆಗವಚಿಕೊಂಡು, ಕೋಣೆಯ ನಾಲ್ಕೂ ಮೂಲೆ ನೋಡುತ್ತ ನಿಂತಿದ್ದಾಳೆ. ಇಂಥ ಹೊತ್ತಿನಲ್ಲಿ ಹೆಚ್ಚಿನ ಕಡೆ ಕೇಳಿಬರುವ ಮಾತು "ಬಟ್ಟೆ ಬಿಚ್ಚಿ ಮಲಗಿ" ಎಂಬುದು. ಇಷ್ಟು ವರ್ಷಗಳಲ್ಲಿ ಅಕ್ಕನ ಬಾಯಿಂದ ಒಮ್ಮೆಯೂ ಬಾರದ ಮಾತು ಅದು.

"ನಿಮಗೆಷ್ಟು ಬೇಕೋ ಅಷ್ಟು ಹಗುರಾಗಿ," ಎನ್ನುತ್ತಾರೆ ಅವರು. "ಏನು ತೆಗೀಬೇಕು, ಏನು ಇಟ್ಕೋಬೇಕು, ಅದು ನಿಮ್ಮಿಷ್ಟ. ಅಂಗಿ ಮೇಲೇ ತಿಕ್ಕಿ ಅಂದ್ರೂ ತಿಕ್ತೀನಿ, ನೋವು ಸ್ವಲ್ಪ ತಡವಾಗಿ ಹೋಗುತ್ತೆ ಅಷ್ಟೆ. ಬಟ್ಟೆಗೆ ಗೂಟ ಅಲ್ಲಿದೆ. ಚಿಲಕ ಒಳಗಡೆ ಇದೆ. ಮಲಗಿ, ಈ ದೊಡ್ಡ ಬಟ್ಟೆ ಕುತ್ತಿಗೆವರೆಗೂ ಹೊದ್ಕೊಳ್ಳಿ. ಭುಜಕ್ಕೆ ಎಣ್ಣೆ ಹಾಕ್ಬೇಕಾದ್ರೆ ಭುಜ ಮಾತ್ರ ತೆರೀತೀನಿ, ಮುಗಿದ ಕೂಡಲೇ ಮುಚ್ತೀನಿ. ಮಧ್ಯದಲ್ಲಿ ಯಾವಾಗ ಬೇಕಾದ್ರೂ 'ಸಾಕು' ಅನ್ನಿ. ಯಾಕೆ ಅಂತ ನಾನು ಕೇಳಲ್ಲ."

ಇಷ್ಟು ಹೇಳಿ ಹೊರಗೆ ಬಂದು ಬಾಗಿಲೆಳೆದುಕೊಂಡು ಗೋಡೆಗೊರಗಿ ನಿಲ್ಲುತ್ತಾರೆ. ಒಳಗೆ ಚಿಲಕ ಹಾಕುವ ಸದ್ದು. ಸ್ವಲ್ಪ ಹೊತ್ತಿಗೆ ಚಿಲಕ ತೆಗೆಯುವ ಸದ್ದು, ಮಂಚ ಹತ್ತುವ ಸದ್ದು. ಆದರೂ ಅಕ್ಕ ನುಗ್ಗುವುದಿಲ್ಲ. ಬೆರಳ ಗೆಣ್ಣಿನಿಂದ ಟಕ್ ಟಕ್. ಒಳಗಿನಿಂದ ಸಣ್ಣಗೆ "ಹೂಂ" ಎಂದು ಬರುತ್ತದೆ.

"ಹೂಂ ಅಂದ್ರೆ ನಡೆಯಲ್ಲಮ್ಮ, 'ಬನ್ನಿ' ಅನ್ಬೇಕು," ಎಂದು ಅಕ್ಕ ಬಾಗಿಲಿಗೆ ಬಾಯಿಟ್ಟು ಹೇಳುತ್ತಾರೆ. ಒಳಗೆ ಮೆಲ್ಲಗೆ ಒಂದು ನಗು. ಆಮೇಲೆ "ಬನ್ನಿ." ಆ ನಗು ಬಂತೆಂದರೆ ಅರ್ಧ ಭುಜ ಸಡಿಲಾದ ಹಾಗೆ.

ಈ 'ಬನ್ನಿ'ಯ ಕಾಯಿದೆಯ ಹಿಂದೆ ಒಂದು ಕಥೆಯಿದೆ. ಅಕ್ಕ ಅದನ್ನು ನಗುತ್ತ ಶುರುಮಾಡುತ್ತಾರೆ, ನಗುತ್ತ ಮುಗಿಸುವುದಿಲ್ಲ. ಕೆಲಸಕ್ಕೆ ಸೇರಿದ ಹೊಸದು. ಒಳಗಿದ್ದವರು ವಯಸ್ಸಾದ ಒಬ್ಬ ಹೆಂಗಸು, ನಿವೃತ್ತ ಟೀಚರು. ಅಕ್ಕ ತಟ್ಟಿದರು, ಒಳಗಿನಿಂದ "ಹೂಂ" ಎಂದು ಕೇಳಿಸಿತು, ಬಾಗಿಲು ತಳ್ಳಿದರು. ನೋಡಿದರೆ ಅವರು ಒಂಟಿ ಕಾಲಲ್ಲಿ ನಿಂತು, ಇನ್ನೊಂದು ಕಾಲನ್ನು ಬಟ್ಟೆಯಿಂದ ಬಿಡಿಸಿಕೊಳ್ಳಲು ಒದ್ದಾಡುತ್ತಿದ್ದಾರೆ. ಅವರು ಅಂದದ್ದು "ಊಹೂಂ". ಮೊದಲಿನ 'ಊ'ವನ್ನು ಫ್ಯಾನಿನ ಗದ್ದಲ ನುಂಗಿಹಾಕಿತ್ತು.

"ಬೈದಿದ್ರೆ ಚೆನ್ನಾಗಿರ್ತಿತ್ತು. ಬೈಲಿಲ್ಲ. ಗೋಡೆ ಕಡೆ ತಿರುಗಿ ಒಂದೊಂದೇ ಬಟ್ಟೆ ವಾಪಸ್ ಹಾಕ್ಕೊಂಡ್ರು, ಹೋದ್ರು. ಮತ್ತೆ ಬರ್ಲೇ ಇಲ್ಲ. ನಮ್ಮ ಮಾತೇ ಹಾಗಿದೆ ನೋಡಿ. ಹೂಂ ಅಂದ್ರೆ ಬಾ, ಮೊದಲಿಗೊಂದು ಊ ಸೇರಿಸಿದ್ರೆ ಬೇಡ. ಆ ಒಂದಕ್ಷರ ಕೇಳಿಸ್ದೇ ಹೋದ್ರೆ ಯಾರದೋ ಮಾನ ಹೋಗುತ್ತೆ. ಅವತ್ತಿಂದ ನಾನು ಹೂಂ ಅನ್ನೋದನ್ನ ನಂಬೋದೇ ಬಿಟ್ಟೆ."

ಕೆಲಸ ಕಲಿಸಿದ್ದು ದೊಡ್ಡಮ್ಮ. ಆಕೆ ಮನೆಮನೆಗೆ ಹೋಗಿ ಮೈಕೈ ನೋವಿಗೆ ಎಣ್ಣೆ ತಿಕ್ಕುತ್ತಿದ್ದಳು. ಹಿಂದಿನಿಂದ ಎಣ್ಣೆ ಬಾಟಲಿ ಹಿಡಿದು ಹೋಗುತ್ತಿದ್ದ ಹುಡುಗಿ ಇವರು. ಮನೆಗಳಲ್ಲಿ ಕೋಣೆಯೆಲ್ಲಿ, ಬಾಗಿಲೆಲ್ಲಿ? ನಡುಮನೆಯಲ್ಲೇ ಚಾಪೆ. ಒಬ್ಬರು ಇಣುಕುತ್ತಾರೆ, ಇನ್ನೊಬ್ಬರು ಬೀಗದ ಕೈ ಕೇಳಿಕೊಂಡು ಒಳಗೆ ಬರುತ್ತಾರೆ, ಪ್ರತಿಸಲವೂ ಮಲಗಿದವರ ಬೆನ್ನು ಹಲಗೆಯಂತೆ ಗಟ್ಟಿಯಾಗುತ್ತದೆ. ದೊಡ್ಡಮ್ಮ ಹೊರಬಂದು ಗೊಣಗುತ್ತಿದ್ದಳಂತೆ: "ನಾಚಿಕೆ ಇರೋ ಕಡೆ ಎಣ್ಣೆ ಇಳಿಯಲ್ಲ ಕಣೇ." ಆ ಒಂದು ಮಾತಿನ ಮೇಲೆ ಅಕ್ಕ ಬದುಕು ಕಟ್ಟಿಕೊಂಡಿದ್ದಾರೆ ಎಂದರೂ ತಪ್ಪಿಲ್ಲ.

ಈ ಕಸುಬಿನ ಹೆಸರು ಹೇಳಿದರೆ ಮುಸಿಮುಸಿ ನಗುವವರಿಗೇನೂ ಬರವಿಲ್ಲ. ನೆಂಟರು ಯಾರಾದರೂ ಕೇಳಿದರೆ "ಆಸ್ಪತ್ರೆ ಕಡೆ ಏನೋ ಕೆಲಸ" ಎಂದು ಅಕ್ಕನ ನಾದಿನಿ ತೇಲಿಸಿಬಿಡುತ್ತಾಳೆ. ಅಕ್ಕ ಪಕ್ಕದಲ್ಲೇ ಇದ್ದರೆ, "ಆಸ್ಪತ್ರೆ ಅಲ್ಲ, ಮಾಲೀಶು. ನಿಮ್ಮ ಕತ್ತು ಬಲಕ್ಕೆ ತಿರುಗ್ತಾ ಇಲ್ವಲ್ಲ, ಒಂದಿನ ಬನ್ನಿ" ಎಂದು ಕೇಳಿದವರ ಬಾಯಿ ಮುಚ್ಚಿಸುತ್ತಾರೆ. ಕೇಂದ್ರಕ್ಕೆ ಫೋನ್ ಮಾಡಿ ದನಿ ತಗ್ಗಿಸಿ "ಬೇರೆ ಥರದ್ದು ಸಿಗುತ್ತಾ?" ಎಂದು ಕೇಳುವ ಗಂಡಸರೂ ಉಂಟು. "ಸಿಗುತ್ತಲ್ಲ, ನಮ್ಮ ಪೈಲ್ವಾನ್ ಮಾಡ್ತಾನೆ, ಕೊಡ್ಲಾ ಫೋನು?" ಎನ್ನುತ್ತಾರೆ ಅಕ್ಕ. ಗಂಡಸರ ವಿಭಾಗದ ಪೈಲ್ವಾನನ ದನಿ ಕೇಳುವ ಮೊದಲೇ ಆ ಕಡೆ ಫೋನ್ ಇಟ್ಟಾಗಿರುತ್ತದೆ.

ದಿನಕ್ಕೆ ಆರೇಳು ಮಂದಿ. ಒಬ್ಬೊಬ್ಬರಿಗೂ ಮಾಲೀಶಿಗೆ ಮೊದಲು, ಆಮೇಲೆ ಬಾಗಿಲ ಹೊರಗೆ ಕಾಯುವ ಹೊತ್ತು. ಈ ಕಾಯುವ ಹೊತ್ತೇ ಕಳೆದ ತಿಂಗಳು ಅಕ್ಕನ ಕೊರಳಿಗೆ ಸುತ್ತಿಕೊಂಡಿತು.

ಹಳೆಯ ಮಾಲೀಕರು ಕೇಂದ್ರ ಮಾರಿದ್ದರು. ಕೊಂಡವರು ಕೆಳಗಿನ ಮಳಿಗೆಯಲ್ಲಿ ಹೆಂಗಸರ ಹೇರ್ ಸಲೂನ್ ನಡೆಸಿ ಹೆಸರು ಮಾಡಿದವರು. ಎಲ್ಲರೂ ಕರೆಯುವುದು ಮೇಡಂ ಎಂದೇ. ಚುರುಕು, ಕೆಟ್ಟವರಲ್ಲ, ಸಂಬಳವನ್ನು ಒಂದು ದಿನವೂ ತಡಮಾಡಿದವರಲ್ಲ. ಆದರೆ ಕೂದಲು ಕತ್ತರಿಸಿಕೊಳ್ಳಲು ಯಾರೂ ಬಾಗಿಲು ಹಾಕಿಕೊಳ್ಳುವುದಿಲ್ಲ ನೋಡಿ, ಬಾಗಿಲೆಂಬ ವಸ್ತುವಿನ ಮೇಲೆ ಅವರಿಗೆ ಗೌರವವೇ ಇರಲಿಲ್ಲ. ಟವೆಲ್ಲು, ಎಣ್ಣೆ ಇಡುವ ಸಾಮಾನು ಕೋಣೆಯಲ್ಲಿ ಕೆಲಸದ ಹೆಂಗಸರು ಬಟ್ಟೆ ಬದಲಾಯಿಸುತ್ತಿದ್ದರೂ ಮೇಡಂ ದಢಾರನೆ ತಳ್ಳಿಕೊಂಡು ಬಂದು, "ಕೆಳಗೆ ಟವೆಲ್ ಬೇಕು" ಎನ್ನುತ್ತ ಅವರ ನಡುವಿನಿಂದಲೇ ಕೈಚಾಚುವವರು.

ಒಂದು ಮಧ್ಯಾಹ್ನ ಮೇಡಂ ಎಲ್ಲರನ್ನೂ ಕರೆದು ಹೇಳಿದರು. ಕಟ್ಟಡದ ಬಾಡಿಗೆ ಏರಿದೆ. ಹೆಂಗಸರ ವಿಭಾಗದ ಎರಡು ಕೋಣೆಗಳ ಬಾಗಿಲು ಕಿತ್ತು, ಒಳಗೆ ಪರದೆ ಇಳಿಬಿಟ್ಟು, ನಾಲ್ಕು ಮಂಚ ಹಾಕುವುದು. ಒಬ್ಬರು ಬಟ್ಟೆ ಬದಲಿಸುವಾಗ ಇನ್ನೊಬ್ಬರಿಗೆ ಮಾಲೀಶು. ಹೊರಗೆ ನಿಂತು ಗೋಡೆ ನೋಡುವ ಹೊತ್ತು ಉಳಿತಾಯ. ಸೋಮವಾರ ಬಡಗಿ ಬರುತ್ತಾನೆ.

ಎಲ್ಲರೂ ತಲೆಯಾಡಿಸಿದರು. ಅಕ್ಕ ಮಾತ್ರ ಕೇಳಿದರು: "ಮೇಡಂ, ಪರದೆಗೆ ತಟ್ಟೋದು ಹೇಗೆ?"

ನಗು ಎದ್ದಿತು. ಮೇಡಂ ಕೂಡ ನಕ್ಕರು. "ತಟ್ಟೋದ್ಯಾಕೆ ಅಕ್ಕ, ಒಂದ್ಸಲ ಕೆಮ್ಮಿದ್ರಾಯ್ತು."

ಮೇಡಂಗೆ ಗೊತ್ತಿರಲಿಲ್ಲ, ಕೆಮ್ಮಿನ ವಿದ್ಯೆಯಲ್ಲಿ ಅಕ್ಕ ಪಳಗಿದ ಕೈ. ಒಂದೂವರೆ ಕೋಣೆಯ ಅವರ ಬಾಡಿಗೆ ಮನೆಯಲ್ಲಿ ಬಚ್ಚಲಿನ ಬಾಗಿಲು ಕೊಳೆತು ಬಿದ್ದು ಎಷ್ಟೋ ಕಾಲವಾಯಿತು. ಮನೆ ಮಾಲೀಕ ಇವತ್ತು ನಾಳೆ ಎನ್ನುತ್ತಲೇ ಇದ್ದಾನೆ, ಹಳೆಯ ಬೆಡ್‌ಶೀಟೊಂದು ಪರದೆಯಾಗಿ ನೇತಾಡುತ್ತಿದೆ. ಬಸ್ ಓಡಿಸುವ ಗಂಡ, ಕಾಲೇಜಿಗೆ ಹೋಗುವ ಮಗಳು, ಅಕ್ಕ, ಮೂವರೂ ಕೆಮ್ಮುತ್ತಲೇ ಓಡಾಡುತ್ತಾರೆ. "ನಿಮ್ಮನೇಲಿ ಎಲ್ಲರಿಗೂ ಕೆಮ್ಮು ಇದೆಯಲ್ಲ, ಒಳ್ಳೆ ಡಾಕ್ಟರಿಗೆ ತೋರಿಸಬಾರ್ದೇ?" ಎಂದು ಪಕ್ಕದ ಮನೆಯಾಕೆ ಕೇಳಿದ್ದೂ ಆಗಿದೆ. ಮಗಳಿಗೆ ನಿಜವಾಗಿಯೇ ನೆಗಡಿ ಹಿಡಿದ ವಾರವಂತೂ ಅವಳು ಮನೆಯ ಯಾವ ಮೂಲೆಯಲ್ಲಿ ಕೆಮ್ಮಿದರೂ ಬಚ್ಚಲಲ್ಲಿದ್ದವರು "ಇದ್ದೀನಿ, ಇದ್ದೀನಿ!" ಎಂದು ಕೂಗಿಕೊಂಡು ಸುಸ್ತಾದರು.

"ನಗು ಬರುತ್ತೆ, ನಿಜ," ಎನ್ನುತ್ತಾರೆ ಅಕ್ಕ. "ಆದ್ರೆ ನನ್ನ ಮಗಳು ಸ್ನಾನ ಮಾಡೋವಾಗ ಒಂದು ಕಣ್ಣು ಪರದೆ ಮೇಲೇ ಇಟ್ಟಿರ್ತಾಳೆ. ಕಣ್ಣಿಗೆ ಸೋಪು ಹೋದ್ರೂ ಮುಚ್ಚಲ್ಲ. ಅದನ್ನ ಮನೇಲಿ ನೋಡ್ಕೊಂಡು, ಇಲ್ಲಿ ಬಂದೋರಿಗೂ ಅದೇ ಪರದೆ ಕಟ್ಲಾ?"

ಹಾಗೆಂದೇ ಮೇಡಂಗೂ ಹೇಳಿದರು. ಮೇಡಂ ಸಮಾಧಾನದಿಂದಲೇ ಉತ್ತರ ಕೊಟ್ಟರು. ಬಾಡಿಗೆ ಕಟ್ಟಬೇಕಾದವರು ತಾವು, ಪರದೆ ಒಗ್ಗದವರು ಬೇರೆ ಕಡೆ ನೋಡಿಕೊಳ್ಳಬಹುದು. ಈ ವಯಸ್ಸಿನಲ್ಲಿ ಬೇರೆ ಕಡೆ ಎಂದರೆ ಎಲ್ಲಿ? ಅಕ್ಕ ಅವತ್ತು ಬಸ್ಸಲ್ಲಿ ಮನೆಗೆ ಹೋಗುವಾಗ ಇಳಿಯಬೇಕಾದ ನಿಲ್ದಾಣವನ್ನೇ ದಾಟಿ ಹೋಗಿದ್ದರು.

ತಮ್ಮ ಕೆಲಸಕ್ಕಿಂತ ಅವರನ್ನು ಹೆಚ್ಚು ಕಾಡಿದ್ದು ಟೈಲರಮ್ಮನ ವಿಷಯ. ಬೀದಿಯ ಕೊನೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಈ ಹೆಂಗಸಿಗೆ ಒಂದು ಬದಿಯ ಎದೆ ತೆಗೆದು ಆಪರೇಷನ್ ಆಗಿದೆ. ತೋಳು ಮೇಲೆತ್ತಲಾಗದೆ, ಡಾಕ್ಟರ ಒಪ್ಪಿಗೆ ಪಡೆದೇ ಮಾಲೀಶಿಗೆ ಬಂದವರು. ಮೊದಮೊದಲು ಅಂಗಿಯ ಗುಂಡಿ ಒಂದನ್ನೂ ತೆಗೆಯದೆ, ಮೇಲೆ ಹೊದಿಕೆಯನ್ನೂ ಗಲ್ಲದವರೆಗೆ ಎಳೆದುಕೊಂಡು ಮಲಗುತ್ತಿದ್ದರು. ಅಕ್ಕ ಏನೂ ಕೇಳಲಿಲ್ಲ. ತಿಂಗಳುಗಟ್ಟಲೆ ಅಂಗಿಯ ಮೇಲೆಯೇ ತೋಳು, ಬೆನ್ನು. ಒಂದು ದಿನ ಎಂದಿನಂತೆ ತಟ್ಟಿ, "ಬನ್ನಿ" ಕೇಳಿ ಒಳಗೆ ಹೋದರೆ, ಅಂಗಿ ಗೂಟಕ್ಕೆ ನೇತುಬಿದ್ದಿತ್ತು. ಅಕ್ಕ ಅದನ್ನು ನೋಡಿದ್ದೂ ತೋರಿಸಿಕೊಳ್ಳಲಿಲ್ಲ. ಎಣ್ಣೆ ಇನ್ನೂ ಸ್ವಲ್ಪ ಬೆಚ್ಚಗಿರಲಿ ಎಂದು ಬಟ್ಟಲನ್ನು ಮತ್ತೆ ಬಿಸಿನೀರಲ್ಲಿಟ್ಟರು, ಅಷ್ಟೇ. ತಿರುಗಿ ನಿಂತಾಗ ಕಣ್ಣು ತುಂಬಿತ್ತು ಎಂದು ಈಗ ಒಪ್ಪಿಕೊಳ್ಳುತ್ತಾರೆ.

ವಿಧಿಯ ತಮಾಷೆ ನೋಡಿ, ಮೇಡಂ ಪರದೆ ಹೊಲಿಯಲು ಕೊಟ್ಟದ್ದು ಇದೇ ಟೈಲರಮ್ಮನಿಗೆ! ಯಾವ ಕೋಣೆಗೆ ಎಂದು ಅವರಿಗೆ ತಿಳಿದದ್ದು ಅಳತೆಗೆ ಬಂದಾಗ. ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ಬಾಗಿಲ ಚೌಕಟ್ಟಿನಲ್ಲಿ ಬಹಳ ಹೊತ್ತು ನಿಂತರು. "ಹೊಲಿದು ಕೊಡ್ತೀನಿ ಅಕ್ಕ, ಒಪ್ಪಿಕೊಂಡಿದ್ದೀನಿ. ಆದ್ರೆ ಸೋಮವಾರದಿಂದ ನಾನು ಬರಲ್ಲ. ಈ ಬಟ್ಟೆ ಎಷ್ಟು ತೆಳ್ಳಗಿದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಎಂದರು.

ಸೋಮವಾರ ಬೆಳಿಗ್ಗೆ ಬಡಗಿ ಬಂದ. ಅಕ್ಕ ಅವತ್ತೂ ಕೀಲಿಗೆ ಎಣ್ಣೆ ಹಚ್ಚಿದ್ದರು. "ಬಿಚ್ಚೋಕೆ ಸುಲಭ ಆಯ್ತು ನೋಡಿ," ಎಂದ ಪುಣ್ಯಾತ್ಮ, ಅಕ್ಕನ ಹೊಟ್ಟೆ ಉರಿಯುವ ಹಾಗೆ. ಮೊದಲ ಬಾಗಿಲು ಕಳಚಿ ಗೋಡೆಗೊರಗಿತು. ಟೈಲರಮ್ಮ ಕಳಿಸಿದ್ದ ಪರದೆ ಮೇಲೇರಿತು. ತಿಳಿ ನೀಲಿ, ಅಚ್ಚುಕಟ್ಟಾದ ಮಡಿಕೆ, ಹೊಲಿಗೆಯಲ್ಲಿ ಬೊಟ್ಟಿಡುವ ಹಾಗಿಲ್ಲ. ಮೇಡಂ ದೂರ ನಿಂತು ನೋಡಿ, "ಎಷ್ಟು ಲಕ್ಷಣವಾಗಿದೆ!" ಎಂದರು, ಎನ್ನುತ್ತ ಅಭ್ಯಾಸದಂತೆ ಕುತ್ತಿಗೆ ಹಿಡಿದುಕೊಂಡರು. ವರ್ಷಗಟ್ಟಲೆ ಬಗ್ಗಿ ಕತ್ತರಿ ಹಿಡಿದು ಬಂದ ನೋವು ಅದು.

ಅಕ್ಕನ ಬಾಯಿಂದ ಮಾತು ಅಲ್ಲೇ ಹೊರಟಿತು. "ಮೇಡಂ, ನಾನು ಇವತ್ತೇ ಹೋಗೋಳು ಅಂತ ಇಟ್ಕೊಳ್ಳಿ. ಹೋಗೋಕೆ ಮುಂಚೆ ನಿಮ್ಮ ಕುತ್ತಿಗೆಗೆ ಒಂದ್ಸಲ ಎಣ್ಣೆ ಹಾಕಿ ಹೋಗ್ತೀನಿ. ಪರದೆಯ ಮೊದಲ ಗಿರಾಕಿ ನೀವೇ ಆಗಿ."

ಕೇಂದ್ರ ಕೊಂಡ ಮೇಲೆ ಮೇಡಂ ಒಮ್ಮೆಯೂ ಆ ಮಂಚದ ಮೇಲೆ ಮಲಗಿದವರಲ್ಲ. ಸರಿ ಎಂದು ಒಳಗೆ ಹೋದರು. ಅಕ್ಕ ಎಂದಿನ ಮಾತನ್ನೇ ಹೇಳಿದರು, ಹಗುರಾಗಿ, ಗೂಟ ಅಲ್ಲಿದೆ, ಹೊದಿಕೆ ಇಲ್ಲಿದೆ. ಚಿಲಕದ ಮಾತು ಮಾತ್ರ ಬಿಟ್ಟರು, ಚಿಲಕ ಹೊರಗೆ ಗೋಡೆಗೊರಗಿತ್ತು.

ಹೊರಗೆ ಅಕ್ಕ ಬಟ್ಟಲು ಹಿಡಿದು ನಿಂತರು. ಬಡಗಿ ಎರಡನೇ ಬಾಗಿಲಿನ ಹತ್ತಿರ ಮೊಳೆಗಳನ್ನು ಆರಿಸುತ್ತಿದ್ದ. ಪೈಲ್ವಾನ್ ಬಿಸಿನೀರಿನ ಕ್ಯಾನ್ ಹೊತ್ತು ಅತ್ತ ಹಾದುಹೋದ. ಒಳಗಿನಿಂದ "ಯಾರದು?" ಎಂದು ಬಂತು. ಯಾರೋ ಚಹಾ ತಂದರು. "ಯಾರದು?" ಸ್ವಲ್ಪ ಹೊತ್ತಾಯಿತು. ತಟ್ಟಲು ಬಾಗಿಲಿಲ್ಲ, ಅಕ್ಕ ಕೆಮ್ಮಿದರು. "ಯಾರದು?" "ನಾನೇ ಮೇಡಂ." "ಇನ್ನೂ ಇಲ್ಲ, ಇರಿ, ಇರಿ!" ಫ್ಯಾನಿನ ಗಾಳಿಗೆ ಪರದೆಯ ಅಂಚು ಒಂದಿಷ್ಟು ಎದ್ದಿತು, ಒಳಗಿನಿಂದ ಒಂದು ಕೈ ಬಂದು ಅದನ್ನು ಎಳೆದು ಹಿಡಿದುಕೊಂಡಿತು. ಬಿಡಲೇ ಇಲ್ಲ.

ಕೊನೆಗೆ ಮೇಡಂ ಹೊರಗೆ ಬಂದರು. ಅಂಗಿಯ ಗುಂಡಿಗಳೆಲ್ಲ ಹಾಕಿದ್ದವು. ಎಂದೂ ಹಾಕದ ಕತ್ತಿನ ಗುಂಡಿಯೂ ಹಾಕಿತ್ತು.

"ಆಗ್ತಿಲ್ಲ ಅಕ್ಕ," ಎಂದರು.

'ನಾನು ಹೇಳಿರ್ಲಿಲ್ವಾ' ಎಂಬ ಮಾತು ಅಕ್ಕನ ನಾಲಗೆಯ ತುದಿಗೇ ಬಂದಿತ್ತು, ಸುಳ್ಳೇಕೆ. ಆದರೆ ಮೇಡಂ ಮುಖ ನೋಡಿದರೆ ಅದೇ ಆ ನಿವೃತ್ತ ಟೀಚರ ಮುಖ. ಮಾತು ನುಂಗಿಕೊಂಡು, "ಆ ಇನ್ನೊಂದು ಕೋಣೆಗೆ ಬಾಗಿಲು ಇನ್ನೂ ಇದೆ, ಬನ್ನಿ," ಎಂದರು. ಬಡಗಿಯನ್ನು ಚಹಾ ಕುಡಿದು ಬಾರೆಂದು ಕೆಳಗೆ ಅಟ್ಟಿದರು. ಮೇಡಂ ಒಳಗೆ ಹೋಗಿ ಚಿಲಕ ಹಾಕಿಕೊಂಡರು, ತೆಗೆದರು. ಟಕ್ ಟಕ್. "ಬನ್ನಿ" ಎಂದು ಬಂತು, ಯಾರೂ ಹೇಳಿಕೊಡದೆಯೇ.

ಕುತ್ತಿಗೆಯ ಗಂಟು ಬಿಡಿಸಲು ಅಕ್ಕನಿಗೆ ಬಹಳ ಹೊತ್ತು ಹಿಡಿಯಿತು. ಮೇಡಂ ಮುಖ ಕೆಳಗೆ ಮಾಡಿ ಮಲಗಿದ್ದಂತೆಯೇ ಮಾತಾಡಿದರು: "ನಾಲ್ಕು ಜನ ಒಡಹುಟ್ಟಿದವರು ನಾವು, ಇದ್ದಿದ್ದು ಒಂದೇ ಕೋಣೆ. ಆಮೇಲೆ ಸಲೂನು. ನನ್ನನ್ನ ಕೇಳಿ ಒಳಗೆ ಬಂದೋರು ನೀವೇ ಮೊದಲು ಅಕ್ಕ." ಅಕ್ಕ ಹೆಬ್ಬೆರಳನ್ನು ಸ್ವಲ್ಪ ಮೆಲ್ಲಗೆ ಒತ್ತಿದರು.

ಬಾಡಿಗೆಯೇನೂ ಕಡಿಮೆಯಾಗಲಿಲ್ಲ. ಅದಕ್ಕೆ ಮೇಡಂ ತಮ್ಮ ಆಫೀಸು ಕೋಣೆಯನ್ನೇ ಬಿಟ್ಟುಕೊಟ್ಟರು. ಮೂರನೇ ಮಂಚ ಅಲ್ಲಿ ಬಿತ್ತು, ಅದಕ್ಕೂ ಬಾಗಿಲಿದೆ. ಅವರ ಮೇಜು ಕುರ್ಚಿ ಈಗ ಹಜಾರದ ಮೂಲೆಯಲ್ಲಿ, ತಿಳಿ ನೀಲಿ ಪರದೆಯ ಹಿಂದೆ. ಬಡಗಿ ಕಳಚಿದ ಬಾಗಿಲನ್ನು ಗೊಣಗಿಕೊಂಡೇ ಮತ್ತೆ ಕೂರಿಸಿದ. ಟೈಲರಮ್ಮ ಗುರುವಾರ ಬಂದರು. ಹಜಾರ ದಾಟುವಾಗ ತಾವು ಹೊಲಿದ ಪರದೆಯ ಮಡಿಕೆಯೊಂದನ್ನು ಸರಿಮಾಡಿ, ಕೋಣೆಗೆ ಹೋಗಿ ಚಿಲಕ ಹಾಕಿಕೊಂಡರು.

ಅಕ್ಕನಿಗೆ ಇನ್ನೇನು ಆಸೆ ಎಂದು ಕೇಳಿದರೆ ಯೋಚಿಸುವುದೇ ಇಲ್ಲ. "ಬಚ್ಚಲಿಗೊಂದು ಬಾಗಿಲು. ಮನೆ ಮಾಲೀಕನ್ನ ನೆಚ್ಕೊಂಡ್ರೆ ಆಗಲ್ಲ, ಬಡಗೀನೇ ಹಿಡಿದಿದ್ದೀನಿ. ಹಳೇ ಬಾಗಿಲು ಎಲ್ಲಾದ್ರೂ ಸಿಕ್ರೆ ಹೇಳ್ತೀನಿ ಅಂದಿದ್ದಾನೆ. ಮಗಳು ಎರಡೂ ಕಣ್ಣು ಮುಚ್ಚಿ ತಲೆಗೆ ನೀರು ಹಾಕ್ಕೋಬೇಕು, ಅಷ್ಟೆ."

ಮೊನ್ನೆ ಬೆಳಿಗ್ಗೆಯ ಮಾತು. ಕೀಲುಗಳಿಗೆ ಎಣ್ಣೆ ಹಚ್ಚಿ ಮುಗಿಸಿ, ಅಕ್ಕ ಸಾಮಾನು ಕೋಣೆಯಲ್ಲಿ ಟವೆಲ್ಲುಗಳ ನಡುವೆ ಕೆಲಸದ ಅಂಗಿ ಹಾಕಿಕೊಳ್ಳುತ್ತಿದ್ದರು. ಒಂದು ತೋಳು ಒಳಗೆ, ಒಂದು ತೋಳು ಹೊರಗೆ. ಹಜಾರದಲ್ಲಿ ಮೇಡಂ ಚಪ್ಪಲಿಯ ಸದ್ದು ಬಿರುಸಾಗಿ ಹತ್ತಿರ ಬಂತು. ಅಕ್ಕ ಅಭ್ಯಾಸದಂತೆ ಗೋಡೆ ಕಡೆ ತಿರುಗಿಕೊಂಡರು. ಬಾಗಿಲು ತೆರೆಯಲಿಲ್ಲ.

ಟಕ್ ಟಕ್.

ಅಕ್ಕನಿಗೆ ಕ್ಷಣ ಹೊತ್ತು ಅರ್ಥವೇ ಆಗಲಿಲ್ಲ. ಇಷ್ಟು ವರ್ಷ ಊರವರ ಬಾಗಿಲೆಲ್ಲ ತಟ್ಟಿದ್ದೇ ತಟ್ಟಿದ್ದು, ತಾವಿದ್ದ ಕೋಣೆಯ ಬಾಗಿಲನ್ನು ಯಾರಾದರೂ ತಟ್ಟಿದ್ದು ಇದೇ ಮೊದಲು. ಬಾಯಿಂದ "ಹೂಂ" ಎಂದಷ್ಟೇ ಹೊರಟಿತು.

"ಹೂಂ ಅಂದ್ರೆ ನಡೆಯಲ್ಲ ಅಕ್ಕ," ಎಂದಿತು ಹೊರಗಿನ ದನಿ.

ಅಕ್ಕ ಇನ್ನೊಂದು ತೋಳು ಹಾಕಿಕೊಂಡರು. ಗುಂಡಿಗಳನ್ನು ಒಂದೊಂದಾಗಿ, ಯಾವ ಅವಸರವೂ ಇಲ್ಲದೆ ಹಾಕಿದರು. ಕೂದಲು ಸರಿಮಾಡಿಕೊಂಡರು. ಮೇಡಂ ಹೊರಗೆ ಕಾಯುತ್ತಲೇ ಇದ್ದರು. ಆಮೇಲೆ ಅಕ್ಕ ಇಡೀ ಮಹಡಿಗೆ ಕೇಳಿಸುವ ಹಾಗೆ ಹೇಳಿದರು:

"ಬನ್ನಿ."